ನೂರಕ್ಕೆ ನಲವತ್ತೊಂದು

ಹೊಸ ಕಾರನ್ನು ಗ್ರಾಹಕರಿಗೆ ಒಪ್ಪಿಸುವಾಗ ವಿವರಿಸಬೇಕಾದ ಸಂಗತಿಗಳ ಪಟ್ಟಿಯಲ್ಲಿ ಐವತ್ತೆರಡು ಸಾಲುಗಳಿವೆ. ಅಕ್ಟೋಬರ್ 30, ಗುರುವಾರ, ಆ ಐವತ್ತೆರಡಕ್ಕೂ ನಾನು ಸರಿ ಗುರುತು ಹಾಕಿದೆ. ನಿಜವಾಗಿ ವಿವರಿಸಿದ್ದು ಹತ್ತೊಂಬತ್ತು. ಈ ಎರಡನೆಯ ಸಂಖ್ಯೆ ಶೋರೂಮಿನ ಕಾಗದದಲ್ಲಿಲ್ಲ, ನನ್ನ ಸ್ವಂತ ವಹಿಯಲ್ಲಿದೆ. ದಿನದ ಕೊನೆಗೆ ಮಾಡಿದ್ದೆಷ್ಟು, ಬಿಟ್ಟದ್ದೆಷ್ಟು ಎಂದು ಬರೆದಿಡುವುದು ನನಗೆ ಕಾಲೇಜಿನ ದಿನಗಳಿಂದ ಅಂಟಿದ ಚಟ.

ಜಮಖಂಡಿಯ ಶೋರೂಮಿನಲ್ಲಿ ಹೊಸ ಗಾಡಿ ಒಪ್ಪಿಸುವುದು ನನ್ನ ಕೆಲಸ. ಅಂದು ಬಂದವರು ಬನಹಟ್ಟಿಯ ಸೀರೆ ವ್ಯಾಪಾರಿ. ಊರಲ್ಲಿ ಎಲ್ಲರೂ ಅವರನ್ನು ಸಾವಕಾರ ಎನ್ನುತ್ತಾರೆ. ಜೊತೆಗೆ ಅವರ ತಾಯಿ, ಹೆಂಡತಿ, ಮತ್ತು ಇಪ್ಪತ್ತೆರಡು ವರ್ಷಗಳಿಂದ ಆ ಮನೆಯ ಗಾಡಿ ಓಡಿಸುತ್ತಿರುವ ಡ್ರೈವರ್. ಹನ್ನೆರಡಕ್ಕೆ ಬರುತ್ತೇವೆ ಎಂದವರು ಬಂದಾಗ ಒಂದು ಗಂಟೆ ಆರು ನಿಮಿಷ. ಒಂದೂವರೆಗೆ ರಾಹುಕಾಲ ಹತ್ತುತ್ತದೆ, ಅದರೊಳಗೆ ಗಾಡಿ ಬಾಗಿಲು ದಾಟಬೇಕು. ಪೂಜೆ, ಫೋಟೋ, ವಿವರಣೆ ಎಲ್ಲಕ್ಕೂ ಸೇರಿ ನನಗೆ ಸಿಕ್ಕಿದ್ದು ಇಪ್ಪತ್ನಾಲ್ಕು ನಿಮಿಷ.

ಡ್ರೈವರ್ ತಮ್ಮ ಸೀಟಿನಲ್ಲಿ ಕುಳಿತು ಎಡಗೈಯಿಂದ ಏನನ್ನೋ ತಡಕಾಡಿದರು.

"ಹ್ಯಾಂಡ್ ಬ್ರೇಕ್ ಎಲ್ಲೈತಿ ತಂಗಿ?"

"ಈ ಬಟನ್ ನೋಡ್ರಿ ಕಾಕಾ. ಎತ್ತಿದ್ರ ಹಿಡೀತೈತಿ, ಒತ್ತಿದ್ರ ಬಿಡತೈತಿ."

"ಬಟನ್ನಿಗೆ ಗಾಡಿ ನಿಂದರತೈತಿ ಅಂತ ನಂಬೂದು ಹೆಂಗವ್ವ?"

"ನಂಬಬೇಕರಿ."

ಅವರು ನಕ್ಕರು. ಹೊರಡುವ ಮುಂಚೆ ಹಳೆಯ ಗಾಡಿಯ ಡಿಕ್ಕಿಯಿಂದ ಗಾಲಿಗೆ ಕೊಡುವ ಕಲ್ಲನ್ನು ತಂದು ಹೊಸ ಗಾಡಿಯ ಡಿಕ್ಕಿಯಲ್ಲಿ ಇಟ್ಟುಕೊಂಡರು.

ಪೂಜೆಯ ಹೊತ್ತಿಗೆ ಸಾವಕಾರರು ಒಂದೇ ಮಾತು ಹೇಳಿದ್ದರು: ಬಣ್ಣದ ಮೇಲೆ ಏನೂ ತಾಗಬಾರದು, ಕಲೆ ಉಳಿಯುತ್ತದೆ. ಡ್ರೈವರ್ ಕೈಯಲ್ಲಿ ನೆನೆದ ವಿಭೂತಿ ಹಿಡಿದು ನಿಂತಿದ್ದರು. ಎಲ್ಲಿ ಹಚ್ಚಬೇಕೆಂದು ನಾನೇ ಜಾಗ ತೋರಿಸಿದೆ. ಫೋಟೋ ತೆಗೆದೆ. ಒಂದು ಗಂಟೆ ಇಪ್ಪತ್ತೆಂಟು ನಿಮಿಷಕ್ಕೆ ಗಾಡಿ ಹೊರಬಿತ್ತು.

ನಾಲ್ಕನೆಯ ದಿನ, ಸೋಮವಾರ, ಸಾವಕಾರರ ಮೊದಲ ಫೋನು ಬಂತು. ಗಾಡಿ ದಾರಿಯಲ್ಲಿ ತಾನೇ ಬ್ರೇಕು ಹಾಕುತ್ತದೆ ಎಂದು ಡ್ರೈವರ್ ಹೇಳುತ್ತಾನೆ, ನಿಜವೇ ಎಂದು ಕೇಳಿದರು. ಮುಂದೆ ಅಡ್ಡ ಬಂದರೆ ಹಾಕುತ್ತದೆ, ಅದು ಸುರಕ್ಷತೆಗಾಗಿ ಎಂದು ಪುಸ್ತಕದಲ್ಲಿದ್ದ ಉತ್ತರವನ್ನೇ ಒಪ್ಪಿಸಿದೆ. ಮುಂದೆ ಏನೂ ಇರಲಿಲ್ಲವಂತೆ ಎಂದರು. ಇದ್ದಿರಬೇಕು ಎಂದೆ. ಆ ಒಂದು ಪದವನ್ನು ವಹಿಯಲ್ಲಿ ಬರೆದುಕೊಂಡಿರಲಿಲ್ಲ, ಆಮೇಲೆ ನೆನಪಿನಿಂದ ಸೇರಿಸಿದೆ.

ನವೆಂಬರ್ 11, ಮಂಗಳವಾರ, ಅವರೇ ಶೋರೂಮಿಗೆ ಬಂದರು. ಹಿಂದಿನ ದಿನ ಬೀಳಗಿ ರಸ್ತೆಯಲ್ಲಿ ಗಾಡಿ ಗಕ್ಕನೆ ನಿಂತು ಹಿಂದೆ ಕುಳಿತಿದ್ದ ತಾಯಿಯ ಹಣೆ ಮುಂದಿನ ಸೀಟಿಗೆ ಬಡಿದಿತ್ತು. ಚಷ್ಮಾ ಮುರಿದು ಹುಬ್ಬಿನ ಮೇಲೆ ಗಾಯವಾಗಿತ್ತು. ಡ್ರೈವರ್ ತಲೆ ತಗ್ಗಿಸಿ ಬಾಗಿಲ ಬಳಿ ನಿಂತಿದ್ದರು. ಸಾವಕಾರರು ಫೋನನ್ನು ಮ್ಯಾನೇಜರ್ ಮೇಜಿನ ಮೇಲಿಟ್ಟರು. ಗಾಡಿಗೆ ಜೋಡಿಸಿದ ಆ್ಯಪ್ ವಾರಕ್ಕೊಮ್ಮೆ ಡ್ರೈವರಿಗೆ ಅಂಕ ಕೊಡುತ್ತದೆ. ಆ ವಾರದ ಅಂಕ ನೂರಕ್ಕೆ ನಲವತ್ತೊಂದು. ಕೆಳಗೆ ಜೋರು ಬ್ರೇಕು ಎಷ್ಟು, ಗೆರೆ ದಾಟಿದ್ದು ಎಷ್ಟು ಎಂದು ಲೆಕ್ಕವಿತ್ತು. ಅದರ ಕೆಳಗೆ ಹಬೆಯಾಡುವ ಚಹಾ ಕಪ್ಪಿನ ಚಿತ್ರ, ಚಾಲಕನ ಗಮನ ಕಡಿಮೆ, ವಿಶ್ರಾಂತಿ ಬೇಕು ಎಂದು.

"ಗಾಡೀನ ಹೇಳತೈತಿ ನೋಡ್ರಿ, ಇವಂಗ ನಿದ್ದಿ ಬರತೈತಿ ಅಂತ" ಎಂದರು ಸಾವಕಾರರು.

"ಧಣಿ, ಆಣಿ ಮಾಡಿ ಹೇಳತೇನ್ರಿ, ನಾ ಬ್ರೇಕ್ ಮ್ಯಾಲ ಕಾಲ ಇಟ್ಟಿಲ್ಲ."

"ನೀ ಇಟ್ಟಿಲ್ಲ, ಗಾಡಿ ಕಾಲ ಇಟ್ಟತೇನ? ಅದಕ್ಕ ಕಾಲ ಅದಾವೇನ?" ಅವರು ನಮ್ಮ ಕಡೆ ತಿರುಗಿದರು. "ತಿಂಗಳ ತುದಿ ತನಕ ನೋಡತೇನಿ. ಗಾಡಿ ತಪ್ಪಿದ್ರ ಗಾಡಿ ವಾಪಸ್ ತಗೋರಿ. ಇವನ ತಪ್ಪಿದ್ರ ಒಂದನೇ ತಾರೀಖಿಗೆ ಬ್ಯಾರೆ ಡ್ರೈವರ್ ಬರತಾನ. ಮಾತಾಡಿಟ್ಟೇನಿ."

ಸರ್ವಿಸ್ ವಿಭಾಗದವರು ತಂತಿ ಚುಚ್ಚಿ ಗಾಡಿಯ ನೆನಪನ್ನು ಓದಿದರು. ದೋಷ ಸೊನ್ನೆ. ಹುಬ್ಬಳ್ಳಿಯಿಂದ ಬಂದ ಕಂಪನಿಯ ಇಂಜಿನಿಯರ್ ಸಾಫ್ಟ್‌ವೇರ್ ಹೊಸದು ಹಾಕಿ, ಅರ್ಧ ತಾಸು ಓಡಿಸಿ, ಏನೂ ಆಗಲಿಲ್ಲ ಎಂದು ಬರೆದು ಹೋದರು. ಮ್ಯಾನೇಜರ್ ನನ್ನನ್ನು ಕರೆದರು.

"ವಹಿ ಬರಿಯೂ ಹುಚ್ಚ ಐತೆಲ್ಲ ನಿನಗ? ಹೋಗಿ ಆ ಗಾಡ್ಯಾಗ ಕುಂದರು. ಅಂವ ಕಾಲ ಎಲ್ಲಿ ಇಡತಾನ ನೋಡು, ಬರಿ."

ಹೀಗೆ ನವೆಂಬರ್ 12, ಬುಧವಾರದಿಂದ ನಾನು ಡ್ರೈವರ್ ಪಕ್ಕದ ಸೀಟಿನಲ್ಲಿ ಕುಳಿತೆ. ವಹಿಯಲ್ಲಿ ಆರು ಅಂಕಣ ಹಾಕಿದೆ: ತಾರೀಖು, ಸಮಯ, ಜಾಗ, ವೇಗ, ಮುಂದೆ ಏನಿತ್ತು, ಕಾಲು ಎಲ್ಲಿತ್ತು.

ಎರಡು ದಿನಗಳಲ್ಲಿ ನನಗೆ ಅರ್ಥವಾದ ಮೊದಲ ಸಂಗತಿ, ನಾನು ತಿಂಗಳಿಗೆ ಹತ್ತಾರು ಮಂದಿಗೆ ನಗುನಗುತ್ತ ವಿವರಿಸುವ ಈ ಸೌಲಭ್ಯಗಳ ಜೊತೆ ಇಡೀ ದಿನ ನಾನು ಎಂದೂ ಕಳೆದಿರಲಿಲ್ಲ ಎಂಬುದು. ರಸ್ತೆಯ ಬಿಳಿ ಗೆರೆ ದಾಟಿದರೆ ಸ್ಟೇರಿಂಗ್ ನಡುಗುತ್ತದೆ. ಬನಹಟ್ಟಿಯಿಂದ ಜಮಖಂಡಿಯವರೆಗೆ ಗೆರೆ ಇರುವುದು ಅಲ್ಲೊಂದು ಇಲ್ಲೊಂದು ತುಂಡು; ಇರುವ ಕಡೆ ಕಬ್ಬಿನ ಟ್ರೇಲರ್ ತಪ್ಪಿಸಲು ದಾಟಲೇಬೇಕು. ಎರಡು ಟ್ರೇಲರ್ ಎಳೆದುಕೊಂಡು ಹೊರಟ ಟ್ರ್ಯಾಕ್ಟರನ್ನು ಹಿಂದೆ ಹಾಕುವಾಗ ಡ್ರೈವರ್ ಬಲಕ್ಕೆ ತಿರುಗಿಸಿದರೆ ಸ್ಟೇರಿಂಗ್ ಎಡಕ್ಕೆ ಜಗ್ಗುತ್ತದೆ. ಹೀಗೆ ನಾಲ್ಕು ಸಲ ಆದರೆ ಪರದೆಯ ಮೇಲೆ ಆ ಚಹಾ ಕಪ್ಪು ಬರುತ್ತದೆ.

"ನೋಡ ತಂಗಿ, ಗಾಡಿ ಚಾ ಕೇಳಾಕತ್ತೈತಿ" ಎನ್ನುತ್ತಿದ್ದರು ಅವರು. ಮೊದಲ ದಿನ ಮೂರು ಸಲ ಕಪ್ಪು ಬಂತು. ಮೂರನೆಯ ಸಲ ಅವರು ನಗಲಿಲ್ಲ. "ಇಪ್ಪತ್ತೆರಡು ವರ್ಷದಾಗ ಒಂದ ನಾಯಿ ಮ್ಯಾಲೂ ಗಾಲಿ ಹಾಯಿಸಿಲ್ಲ ನಾ. ಇದು ಎರಡ ವಾರದಾಗ ನನ್ನ ನಿದ್ದಿಗೇಡಿ ಮಾಡೇತಿ."

ತಾನೇ ಬ್ರೇಕು ಹಾಕುವುದನ್ನು ಬಂದ್ ಮಾಡಬಹುದು. ಪರದೆಯಲ್ಲಿ ನಾಲ್ಕು ಕಡೆ ಒತ್ತಬೇಕು, ಎಲ್ಲವೂ ಇಂಗ್ಲಿಷಿನಲ್ಲಿ. ಅವರು ಕನ್ನಡ ಪತ್ರಿಕೆಯನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುವವರು, ಇಂಗ್ಲಿಷ್ ಬಾರದು. ಯಾವ ಚಿತ್ರದ ಮೇಲೆ ಬೆರಳಿಡಬೇಕೆಂದು ನಾನು ಕಲಿಸಿದೆ, ಅವರು ಕಲಿತರು. ಗಾಡಿ ನಿಲ್ಲಿಸಿ ಮತ್ತೆ ಚಾಲೂ ಮಾಡಿದರೆ ಅದು ತಾನಾಗಿ ಮತ್ತೆ ಹತ್ತಿಕೊಳ್ಳುತ್ತದೆ. ಅಂಗಡಿಯಿಂದ ಅಂಗಡಿಗೆ ನಿಲ್ಲುವ ಗಾಡಿಯಲ್ಲಿ ದಿನಕ್ಕೆ ಹದಿನೈದು ಸಲ ನಾಲ್ಕು ನಾಲ್ಕು ಕಡೆ ಒತ್ತಬೇಕು. ಅದಕ್ಕೂ ಮಿಕ್ಕಿ, ಸುರಕ್ಷತೆ ಬಂದ್ ಮಾಡಿದ್ದಕ್ಕೆ ಆ್ಯಪ್ ಅಂಕ ಕಳೆಯುತ್ತದೆ. ಇದು ಐವತ್ತೆರಡರ ಪಟ್ಟಿಯಲ್ಲಿ ಇರಲಿಲ್ಲ.

ಬುಧವಾರ ಸಂಜೆ ಬನಹಟ್ಟಿಗೆ ಮರಳುವಾಗ ಒಂದು ಸಲ ಗಾಡಿ ತಾನೇ ಬ್ರೇಕು ಹಾಕಿತು. ನನ್ನ ಕಣ್ಣು ಅವರ ಕಾಲಿನ ಮೇಲೇ ಇತ್ತು. ಕಾಲು ಆಕ್ಸಿಲರೇಟರ್ ಮೇಲಿತ್ತು. ಗುರುವಾರ, ಶುಕ್ರವಾರ, ಶನಿವಾರ ಸೊನ್ನೆ. ಸಾಫ್ಟ್‌ವೇರಿನಿಂದ ಸರಿಹೋಯಿತೆಂದು ಮ್ಯಾನೇಜರಿಗೆ ತಿಳಿಸಿದೆ. ಸೋಮವಾರ, 17ರಂದು, ಬೀಳಗಿಗೆ ಹೋಗಿಬರುವಷ್ಟರಲ್ಲಿ ಆರು ಸಲ. ಅದರಲ್ಲಿ ಎರಡು ಸಲ ಹಿಂದಿನಿಂದ ಬಂದ ಮೋಟಾರ್‌ಸೈಕಲ್ಲಿನವರು ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಬೈದು ಹೋದರು. ಬೈಸಿಕೊಂಡವರು ಡ್ರೈವರ್.

ಮೊದಲು ನಾನು ಕಬ್ಬಿನ ಟ್ರೇಲರುಗಳ ಮೇಲೆ ಸಂಶಯಪಟ್ಟೆ. ಹಿಂದೆ ಚಾಚಿಕೊಂಡ ಕಬ್ಬನ್ನು ಕ್ಯಾಮೆರಾ ಗೋಡೆ ಎಂದುಕೊಳ್ಳುತ್ತಿರಬಹುದು. ಆರರಲ್ಲಿ ಮೂರು ಸಲ ಮುಂದೆ ಟ್ರೇಲರ್ ಇತ್ತು. ಆದರೆ ಕಾರ್ಖಾನೆಗಳು ನಡೆದಿರುವ ಕಾಲದಲ್ಲಿ ಈ ರಸ್ತೆಗಳಲ್ಲಿ ಯಾವಾಗ ನೋಡಿದರೂ ಮುಂದೊಂದು ಟ್ರೇಲರ್ ಇದ್ದೇ ಇರುತ್ತದೆ. ಆ ಅಂಕಣ ನನಗೆ ಏನೂ ಹೇಳಲಿಲ್ಲ.

ಏಳನೆಯ ಅಂಕಣವನ್ನು ಕೊಟ್ಟವರು ಡ್ರೈವರ್. ಮಂಗಳವಾರ ನಾವು ಮುಧೋಳಕ್ಕೂ ಲೋಕಾಪುರಕ್ಕೂ ಹೋಗಿ ಬಂದೆವು. ದಕ್ಷಿಣಕ್ಕೆ ಹೋಗುವ ಆ ಇಡೀ ದಾರಿಯಲ್ಲಿ ಸೊನ್ನೆ. ಸಂಜೆ ಜಮಖಂಡಿ ದಾಟಿ ಪಶ್ಚಿಮಕ್ಕೆ ಬನಹಟ್ಟಿಯ ಕಡೆ ತಿರುಗಿದ ಮೇಲೆ ಮೂರು ಸಲ.

"ಬಿಸಲ ಮಕದ ಮ್ಯಾಲ ಬಿದ್ದಾಗ ಬಡಕೋತೈತಿ ತಂಗಿ ಇದು. ಬರಕೋ."

ಬಿಸಿಲು ಯಾವ ಕಡೆ ಎಂಬ ಅಂಕಣ ಸೇರಿಸಿ ಹಿಂದಿನವನ್ನೂ ತುಂಬಿದೆ. ಹತ್ತರಲ್ಲಿ ಒಂಬತ್ತು ಸಲ ಬಿಸಿಲು ಎದುರಿಗೇ ಇತ್ತು. ಹತ್ತನೆಯದರಲ್ಲಿ ನಿಜವಾಗಿಯೂ ಎಮ್ಮೆ ಅಡ್ಡ ಬಂದಿತ್ತು. ಆ ರಾತ್ರಿ ನೆಮ್ಮದಿಯಿಂದ ಮಲಗಿದೆ. ನೆಮ್ಮದಿ ಶುಕ್ರವಾರದವರೆಗೆ ಉಳಿಯಿತು. 21ರಂದು ಮತ್ತೆ ಬೀಳಗಿಗೆ ಹೋದೆವು. ಅದೇ ರಸ್ತೆ, ಬೆಳಗಿನ ಅದೇ ಎಂಟು ಗಂಟೆ, ಕಣ್ಣು ಕುಕ್ಕುವ ಅದೇ ಬಿಸಿಲು. ಒಂದು ಸಲವೂ ಬ್ರೇಕು ಬೀಳಲಿಲ್ಲ.

ಶನಿವಾರ ವಹಿಯನ್ನು ಉದ್ದಕ್ಕೆ ಓದದೆ ಅಡ್ಡಕ್ಕೆ ಓದಿದೆ. ಸೋಮವಾರ ಆರು, ಮಂಗಳವಾರ ಮೂರು, ಬುಧವಾರ ಒಂದು. ಆಮೇಲೆ ಸೊನ್ನೆ. ಹಿಂದಿನ ವಾರವೂ ಬುಧವಾರ ಒಂದು, ಆಮೇಲೆ ಸೊನ್ನೆ. ಮೊದಲ ಫೋನು ಬಂದದ್ದು ಸೋಮವಾರ. ಸಾವಕಾರರ ತಾಯಿಯ ಹಣೆಗೆ ಪೆಟ್ಟಾದದ್ದು ಸೋಮವಾರ.

"ಕಾಕಾ, ಸೋಮವಾರ ಗಾಡಿಗೆ ಏನ ಮಾಡತೀರಿ ನೀವು?"

"ಏನ ಮಾಡೂದು, ತೊಳೀತೇನಿ. ಪೂಜಿ ಮಾಡತೇನಿ. ಸೋಮವಾರ ಅಲ್ಲೇನ?"

24ರ ಸೋಮವಾರ ನಾನು ಮೊದಲ ಬಸ್ಸಿಗೆ ಬನಹಟ್ಟಿಗೆ ಹೋದೆ. ಸಾವಕಾರರ ಮನೆಯ ಹಿಂದೆ ಮಗ್ಗಗಳ ಸದ್ದು ಆಗಲೇ ಶುರುವಾಗಿತ್ತು. ಡ್ರೈವರ್ ಸ್ನಾನ ಮಾಡಿ, ಹಣೆಗೆ ಹಚ್ಚಿಕೊಂಡು, ತೊಳೆದ ಗಾಡಿಯ ಮುಂದೆ ನಿಂತಿದ್ದರು. ತಟ್ಟೆಯಲ್ಲಿ ವಿಭೂತಿ ನೆನೆಸಿ ಮೂರು ಬೆರಳಿನಿಂದ ಮುಂದಿನ ಗಾಜಿನ ಮೇಲ್ತುದಿಯಲ್ಲಿ, ಸರಿಯಾಗಿ ನಡುವೆ, ಮೂರು ಪಟ್ಟೆ ಎಳೆದರು. ಅಲ್ಲಿ ಗಾಜು ಕಪ್ಪಗಿದೆ. ಒಳಗಡೆ ಕನ್ನಡಿಯ ಹಿಂದೆ ಕ್ಯಾಮೆರಾ ಕೂತಿರುವುದು ಅಲ್ಲಿಯೇ. ನಮ್ಮ ರಸ್ತೆಗಳಲ್ಲಿ ಬಿಳಿ ಗೆರೆ ಹುಡುಕಿ ಸಿಗದ ಕ್ಯಾಮೆರಾದ ಕಣ್ಣ ಮೇಲೇ ಮೂರು ಬಿಳಿ ಗೆರೆ. ಓರೆ ಬಿಸಿಲು ಬಿದ್ದೊಡನೆ ಅದು ಬೆಳಗುತ್ತದೆ, ಒಳಗಿನಿಂದ ನೋಡುವ ಕಣ್ಣಿಗೆ ಎದುರೊಂದು ಬಿಳಿ ಗೋಡೆ. ದಿನವೂ ಧೂಳು ಒರೆಸುವಾಗ ಸ್ವಲ್ಪಸ್ವಲ್ಪ ಹೋಗಿ ಗುರುವಾರದ ಹೊತ್ತಿಗೆ ಗಾಜು ಬರಿದಾಗುತ್ತದೆ.

"ಅಲ್ಲೇ ಯಾಕ ಹಚ್ಚತೀರಿ ಕಾಕಾ?" ಎಂದು ಕೇಳಿದೆ.

ಅವರು ಆಶ್ಚರ್ಯದಿಂದ ನೋಡಿದರು. "ನೀನ ಹೇಳಿದ್ದೆಲ್ಲ ತಂಗಿ. ಬಣ್ಣಕ್ಕ ತಾಗೂದಿಲ್ಲ, ಕರೀ ಮ್ಯಾಲ ಬಿಳೇದು ಫೋಟೋದಾಗ ಎದ್ದ ಕಾಣತೈತಿ ಅಂತ."

ಹೌದು, ನಾನೇ ಹೇಳಿದ್ದೆ. ಪಟ್ಟಿಯ ಮೂವತ್ತೇಳನೆಯ ಸಾಲು: ಕ್ಯಾಮೆರಾದ ಮುಂದಿನ ಗಾಜಿಗೆ ಏನೂ ಅಂಟದಂತೆ ನೋಡಿಕೊಳ್ಳಲು ತಿಳಿಸುವುದು. ಸರಿ ಗುರುತು ಇದೆ. ಕೆಳಗೆ ನನ್ನ ಸಹಿ ಇದೆ.

ಅವರಿಗೆ ಆಗಲೇ ಹೇಳಲಿಲ್ಲ. ಲೆಕ್ಕ ಪೂರ್ತಿಯಾಗಲಿ ಎಂದು ನನಗೆ ನಾನೇ ಕಾರಣ ಕೊಟ್ಟುಕೊಂಡೆ. ಆ ದಿನ ಐದು ಸಲ ಬಿತ್ತು. ಹನ್ನೊಂದು ದಿನಕ್ಕೆ ಒಟ್ಟು ಹದಿನಾರು ಬ್ರೇಕು. ಎಮ್ಮೆಯದನ್ನು ಕಳೆದರೆ ಹದಿನೈದು.

ಮಂಗಳವಾರ ಬೆಳಿಗ್ಗೆ ಡ್ರೈವರಿಗೆ ಹೇಳಿದೆ. ಪರೀಕ್ಷೆಗಾಗಿ ಗಾಜು ಒರೆಸಲು ನಾನು ಬಟ್ಟೆ ತೆಗೆದೆ.

"ನೀ ಒರಸಬ್ಯಾಡ" ಎಂದರು. ಹೆಬ್ಬೆರಳಿಗೆ ನೀರು ಹಚ್ಚಿಕೊಂಡು ಪಟ್ಟೆಗಳನ್ನು ಒಂದೊಂದಾಗಿ ತೆಗೆದು, ಆ ಬೂದಿಯನ್ನು ತಮ್ಮ ಹಣೆಗೇ ಹಚ್ಚಿಕೊಂಡರು. ಆಮೇಲೆ ಗಾಜು ತೊಳೆದರು. ಬಿಸಿಲಿಗೆ ಎದುರಾಗಿ ಜಮಖಂಡಿಯ ಆಚೆ ಅದೇ ಮೂರು ಕಿಲೋಮೀಟರು ನಾಲ್ಕು ಸಲ ಓಡಿಸಿದೆವು. ಸೊನ್ನೆ. ಮತ್ತೆ ಹಚ್ಚಿ ನಾಲ್ಕು ಸಲ ಓಡಿಸಿದೆವು. ಮೂರು. ಸಾಕು ಎಂದೆ.

ವರದಿ ನೋಡಿದ ಮ್ಯಾನೇಜರ್ ಖುಷಿಯಾದರು. "ಛಲೋ ಆತು. ಹೊರಗಿನ ವಸ್ತು ಅಂಟಿಸಿದ್ದು ಬಳಕೆದಾರರ ತಪ್ಪು. ಒಂದ ಸಾಲು ಬರಿ, ಮುಗೀತು."

"ಸರ್, ಬಳಕೆದಾರರು ಅಂದ್ರ ಡ್ರೈವರ್. ಅವರ್ನ ತಗದ ಹಾಕತಾರ."

"ಅದು ಅವರ ಮನಿ ವಿಚಾರ."

"ಜಾಗಾ ತೋರಿಸಿದಾಕಿ ನಾನು."

ಅವರು ಪೆನ್ನು ಕೆಳಗಿಟ್ಟರು. "ಅದನ್ನ ಯಾರು ಕೇಳ್ಯಾರ? ನಿನ್ನ ಸಹಿ ಐತಿ, ತಿಳಿಸೇನಿ ಅಂತ. ಆ ಸಹೀನ ನಿನ್ನ ಕಾಯತೈತಿ. ಅದನ್ನ ಸುಳ್ಳ ಮಾಡಾಕ ನೀನ ಹೊಂಟೀಯಲ್ಲ, ನಿನಗ ತಲಿ ಐತೇನ?"

ಒಂದಿಡೀ ದಿನ ಆ ಒಂದು ಸಾಲಿನ ಮುಂದೆ ಕುಳಿತೆ. ಅದು ಸುಳ್ಳಲ್ಲ ಎಂಬುದೇ ಅದರ ಕೆಟ್ಟತನ. ಹಚ್ಚಿದ್ದು ಅವರ ಬೆರಳು ನಿಜ. ಆ ಒಂದು ಸಾಲಿನಿಂದ ಶೋರೂಮು ಉಳಿಯುತ್ತದೆ, ಕಂಪನಿ ಉಳಿಯುತ್ತದೆ, ನಾನು ಉಳಿಯುತ್ತೇನೆ. 27ರ ಸಂಜೆ ಎರಡು ಪುಟ ಬರೆದೆ. ಐವತ್ತೆರಡರಲ್ಲಿ ಹತ್ತೊಂಬತ್ತು ಮಾತ್ರ ವಿವರಿಸಿದ್ದು, ಮೂವತ್ತೇಳನೆಯದನ್ನು ಬಿಟ್ಟದ್ದು, ಜಾಗ ತೋರಿಸಿದ್ದು ಎಲ್ಲ. ಒಂದು ಪ್ರತಿ ಮ್ಯಾನೇಜರ್ ಮೇಜಿನ ಮೇಲಿಟ್ಟು, ಇನ್ನೊಂದನ್ನು ಹಿಡಿದು ಶುಕ್ರವಾರ ಬೆಳಿಗ್ಗೆ ಬನಹಟ್ಟಿಗೆ ಹೋದೆ.

ಸಾವಕಾರರು ಗಾದಿಯ ಮೇಲೆ ಕುಳಿತು ಎರಡೂ ಪುಟ ಓದಿದರು. ವಹಿ ಕೇಳಿ ಇಸಿದುಕೊಂಡು ಅಂಕಣಗಳ ಮೇಲೆ ಬೆರಳಾಡಿಸಿದರು. ವ್ಯಾಪಾರಿಯ ಬೆರಳು, ಎಲ್ಲಿ ತಡೆದು ನಿಲ್ಲಬೇಕೋ ಅಲ್ಲೇ ನಿಲ್ಲುತ್ತಿತ್ತು. ಡ್ರೈವರ್ ಕಂಬಕ್ಕೆ ಒರಗಿ ನಿಂತಿದ್ದರು.

"ಹದಿನೈದಕ್ಕ ಹದಿನೈದೂ ಕಾಲ ಬ್ರೇಕ್ ಮ್ಯಾಲ ಇರಲಿಲ್ಲೇನ?"

"ಇರಲಿಲ್ರಿ. ನಾ ಕಣ್ಣಾರೆ ನೋಡೇನ್ರಿ."

ಅವರು ವಹಿ ಮುಚ್ಚಿದರು. "ಆತಪಾ" ಎಂದರು ಡ್ರೈವರ್ ಕಡೆ ನೋಡಿ, "ನಿನ್ನ ತಪ್ಪಿಲ್ಲ ಅಂತ ಗೊತ್ತಾತು. ಮಾತಾಡಿಟ್ಟ ಆ ಹುಡುಗನ್ನ ಬ್ಯಾಡ ಅಂತೇನಿ. ಸೋಮವಾರ ಬಾ."

ಡ್ರೈವರ್ ಕಂಬ ಬಿಟ್ಟು ಮುಂದೆ ಬಂದು ಕೀಲಿಯನ್ನು ಗಾದಿಯ ಅಂಚಿನ ಮೇಲಿಟ್ಟರು.

"ಏನಿದು?"

"ಧಣಿ, ಹದಿನೈದು ಸಲಾನೂ ನಾ ಇದ ಮಾತ ಹೇಳಿದ್ನಿರಿ. ಮೊದಲ ಗಾಡಿ ಮಾತ ನಂಬಿದ್ರಿ. ಈಗ ವಹಿ ಮಾತ ನಂಬಿದ್ರಿ." ದನಿ ಏರಲಿಲ್ಲ. "ಇಪ್ಪತ್ತೆರಡು ವರ್ಷದಾಗ ನನ್ನ ಮಾತಿಗೆ ಯಾವಾಗ ಪಾಳಿ ಬರತಿತ್ತು ಅಂತ ನೋಡಾಕತ್ತಿದ್ನಿ."

"ಸಿಟ್ಟಿನ್ಯಾಗ ಮಾತಾಡಬ್ಯಾಡ ಮಾರಾಯ."

"ಸಿಟ್ಟಿಲ್ರಿ. ಅವ್ವಾರ ಹಣಿ ಮಾಯಲಿ ಅಂತ ದಿನಾ ಬೇಡಕೊಂಡೇನಿ. ಅಷ್ಟರಿ."

ಹೊರಗೆ ಬಂದು ಗಾಡಿಯ ಡಿಕ್ಕಿ ತೆರೆದು ತಮ್ಮ ಕಲ್ಲನ್ನು ತೆಗೆದುಕೊಂಡರು. ನಾನು ಹಿಂದೆ ಓಡಿದೆ. ನನ್ನಿಂದ ಆಯಿತು ಎಂದೆ.

"ನೀ ಬರದು ತೋರಿಸಿದಿ ತಂಗಿ, ಛಲೋ ಮಾಡಿದಿ. ಇನ್ನ ಮ್ಯಾಲ ಬರಿಯೂಕಿಂತ ಮೊದಲ ಹೇಳು" ಎಂದು ಕಲ್ಲನ್ನು ಚೀಲಕ್ಕೆ ಹಾಕಿಕೊಂಡು ಹೋದರು. ಅವರು ಈಗ ಮಹಾಲಿಂಗಪುರದ ಬೆಲ್ಲದ ಅಂಗಡಿಯೊಂದರ ಹಳೆಯ ಜೀಪು ಓಡಿಸುತ್ತಾರೆಂದು ಕೇಳಿದ್ದೇನೆ.

ಒಂದನೇ ತಾರೀಖಿನಿಂದ ನನ್ನನ್ನು ಗಾಡಿ ಒಪ್ಪಿಸುವ ಕೆಲಸದಿಂದ ತೆಗೆದು, ಸರ್ವಿಸಿಗೆ ಬರಬೇಕಾದವರಿಗೆ ಫೋನು ಮಾಡುವ ಮೇಜಿಗೆ ಹಾಕಿದರು. ಪಟ್ಟಿ ಈಗಲೂ ಐವತ್ತೆರಡು ಸಾಲಿನದೇ. ಕಿಟಕಿಯಿಂದ ಕಾಣುತ್ತದೆ: ನನ್ನ ಜಾಗಕ್ಕೆ ಬಂದವಳು ಪೂಜೆಯ ಹೊತ್ತಿನಲ್ಲಿ ಗಡಿಯಾರ ನೋಡುತ್ತ ಗುರುತು ಹಾಕುತ್ತಾಳೆ. ಕ್ಯಾಮೆರಾದ ಜಾಗವನ್ನು ಅವಳಿಗೆ ಬೆರಳು ಮುಟ್ಟಿಸಿ ತೋರಿಸಿದ್ದೇನೆ. ಅದೊಂದನ್ನು ಬಿಡುವುದಿಲ್ಲ.

ಡಿಸೆಂಬರ್ 11, ಗುರುವಾರ, ಸಾವಕಾರರು ಬಸ್ಸಿನಲ್ಲಿ ಬಂದರು. ನೇರವಾಗಿ ನನ್ನ ಮೇಜಿಗೆ ಬಂದು ಫೋನು ಮುಂದಿಟ್ಟರು.

"ಈ ಆ್ಯಪ್ ತಗದ ಹಾಕ ತಂಗಿ. ವಾರಾ ವಾರಾ ಬಡಕೋತೈತಿ."

"ಗಾಡಿ ತಂದಿಲ್ಲೇನ್ರಿ?"

"ಯಾರು ತರತಾರ? ಮಾತಾಡಿಟ್ಟ ಹುಡುಗ ಎರಡ ದಿನ ಓಡಿಸಿ ಬಿಟ್ಟ. ಅವ್ವ ಆ ಗಾಡಿ ಹತ್ತೂದಿಲ್ಲ ಅಂತಾಳ, ಹಳೇ ಡ್ರೈವರ್ ಇಲ್ಲದ. ಎಂಟ ದಿನ ಆತು, ಶೆಡ್ಡಿನಾಗ ನಿಂತೈತಿ."

ಆ್ಯಪ್ ತೆರೆದೆ. ಹೊಸ ವಾರದ ಸಂದೇಶ ಮೇಲೆಯೇ ಇತ್ತು. ಓಡಿದ ಕಿಲೋಮೀಟರು ಸೊನ್ನೆ. ಜೋರು ಬ್ರೇಕು ಸೊನ್ನೆ. ಗೆರೆ ದಾಟಿದ್ದು ಸೊನ್ನೆ. ಚಹಾ ಕಪ್ಪಿನ ಚಿತ್ರವಿರಲಿಲ್ಲ. ಅಭಿನಂದನೆಗಳು, ನಿಮ್ಮ ಚಾಲಕನ ಅಂಕ ನೂರಕ್ಕೆ ನೂರು.

ಫೋನನ್ನು ಅವರ ಕಡೆ ತಿರುಗಿಸಿದೆ. ಅವರು ಚಷ್ಮಾ ಹಾಕಿಕೊಂಡು ಓದಿದರು, ಮತ್ತೊಮ್ಮೆ ಓದಿದರು.

"ತಗಿ" ಎಂದರು.